ನೀಲಿ ಕೆರೆ ಅಳಿಸಿದ್ದು

ಆಚೆಸೀಮೆ ಎಂಬ ದೇಶವಿದ್ದದ್ದು ನಮ್ಮ ಪಡಸಾಲೆಯ ಮಣ್ಣುಗೋಡೆಯ ಮೇಲೆ. ಮೆತ್ತಿದ ಮಣ್ಣು ಉಬ್ಬಿದ ಕಡೆ ಬೆಟ್ಟ, ಉದುರಿದ ಕಡೆ ಕಣಿವೆ. ಮಿಕ್ಕದ್ದನ್ನು ಅಕ್ಕ ಇದ್ದಿಲಿನಿಂದ ಬರೆದಿದ್ದಳು. ಅಲ್ಲಿನ ಹೊಳೆ ಬೆಳಿಗ್ಗೆ ಊರಿನ ಕಡೆಗೆ ಏರಿ ಬಂದು ಸಂಜೆ ಇಳಿದು ಹೋಗುತ್ತಿತ್ತು. ಹೆಂಗಸರು ಕೊಡ ಹೊತ್ತು ದಿಣ್ಣೆ ಹತ್ತಬೇಕಿರಲಿಲ್ಲ. ಹೊಳೆಯಾಚೆ ನೆರಳುಬಯಲು. ಮರ ಒಂದೂ ಇಲ್ಲ, ಆದರೂ ದಿನವಿಡೀ ನೆರಳು. ಅದಕ್ಕೂ ಆಚೆ, ಬಂದವರ ಹೆಸರು ಹಿಡಿದು ಕೂಗುವ ಕಲ್ಲುಗುಡ್ಡಗಳು. ಅಕ್ಕನಿಗೆ ಹದಿಮೂರು, ನನಗೆ ಒಂಬತ್ತು. ಮಳವಳ್ಳಿ ದಾಟಿ ಇಬ್ಬರೂ ಹೋದವರಲ್ಲ. ಆಚೆಸೀಮೆಯ ಕಾಲುದಾರಿಗಳು ಮಾತ್ರ ಬಾಯಿಪಾಠ.

ಮೂವತ್ತರ ದಶಕ ಅದು. ಮಂಡ್ಯದ ಕಡೆಯೆಲ್ಲ ಹರಿದಿದ್ದ ನಾಲೆ ನೀರು ಆ ವರ್ಷ ನಮ್ಮ ಊರಿನ ಹೊಲಗಳಿಗೂ ಬಂತು. ಊರೇ ಹಿಗ್ಗಿತು. ನನಗೂ ಹುರುಪು ಬಂದು, ಅಕ್ಕ ಇಲ್ಲದಾಗ ಬಟ್ಟೆಗೆ ಹಾಕುವ ನೀಲಿ ಕಲಸಿ, ನೆರಳುಬಯಲಿನ ನಟ್ಟನಡುವೆ ಅಂಗೈಯಗಲದ ಕೆರೆ ಮಾಡಿದೆ.

ಅವಳು ನೋಡಿ ಸಿಡಿದಳು. "ಬಯಲ್ನೆಲ್ಲ ಮುಳುಗ್ಸಿದ್ದೀಯಲ್ಲಮ್ಮಿ. ದನ ಎಲ್ಲಿ ಮಲಗ್ಬೇಕು?"

"ಆಚೆಸೀಮೆನ ನಿಂಗೊಬ್ಬಳಿಗೇ ಬರ್ಕೊಟ್ಟವ್ರಾ?" ಅಂದೆ. ನನ್ನ ನಾಲಿಗೆ ಆಗಲೂ ಹೀಗೇ ಇತ್ತು. ಎಂಟು ದಿನ ಮಾತು ಬಿಟ್ಟೆವು.

ಒಂಬತ್ತನೆಯ ದಿನ ಅವಳಿಗೆ ಚಳಿಜ್ವರ ಬಂತು. ನೀರು ನಿಂತ ಕಡೆಯೆಲ್ಲ ಆ ಜ್ವರ ಮನೆಮನೆ ಹೊಕ್ಕಿತ್ತು. ನಮ್ಮ ಬೀದಿಯಲ್ಲೇ ಎರಡು ಹೆಣ ಎತ್ತಿದ್ದರು. ಅಪ್ಪ ಗಾಡಿ ಕಟ್ಟಿಕೊಂಡು ಮಳವಳ್ಳಿಗೆ ಹೋಗಿ ಕಹಿಪುಡಿ ತಂದ. ಅವ್ವ ಕುಡಿಸಿದ್ದರಲ್ಲಿ ಅಕ್ಕ ನುಂಗಿದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ಚಾಪೆ ಹಾಸಿದ್ದು ಆ ಗೋಡೆಯ ಪಕ್ಕದಲ್ಲೇ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು.

"ಆ ಕೆರೆ ಗಾಳಿ ಬೀಸ್ತಾ ಅದೆ ಕಣಮ್ಮಿ. ಅಳಿಸ್ಬುಡು" ಎಂದಳು.

ನಾನು ಮುಖ ತಿರುಗಿಸಿಕೊಂಡೆ. ಮಾತು ಬಿಟ್ಟವಳು ಈಗ ಕೆಲಸ ಬಿದ್ದಾಗ ಬಂದಳಲ್ಲ ಎಂಬ ಉರಿ ನನಗೆ. ದಿನ ಬಿಟ್ಟು ದಿನ ಚಳಿ ಬಂತು, ಪ್ರತಿಸಲವೂ ಅದನ್ನೇ ಕೇಳಿದಳು. ನಾಲ್ಕನೆಯ ಸಲ ಅವಳ ದನಿ ಎಷ್ಟು ಸಣ್ಣಗಾಗಿತ್ತೆಂದರೆ ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವಳು ಉಳಿಯುವುದು ಬಿಡುವುದು ನನ್ನ ಕೈಯಲ್ಲೇ ಇದೆ ಅನ್ನಿಸಿತು. ಕೊಟ್ಟಿಗೆಗೆ ಓಡಿ, ಸಗಣಿಗೆ ಕೆಮ್ಮಣ್ಣು ಕಲಸಿ ತಂದು, ಒಂದು ಚುಕ್ಕೆ ನೀಲಿಯೂ ಕಾಣದ ಹಾಗೆ ಕೆರೆಯ ಮೇಲೆ ಮೆತ್ತಿದೆ.

ಅಷ್ಟರಲ್ಲಿ ಚಳಿ ಬಿಟ್ಟು ಮೈ ಸುಡತೊಡಗಿತ್ತು. ಕಂಬಳಿಗಳನ್ನು ಒದ್ದು ಅಕ್ಕ ನನ್ನ ಕೈ ಹಿಡಿದಳು.

"ಒಳಗೆಲ್ಲ ಉರೀತಾ ಅದೆ. ಕೆರೆ ತಾವ್ಕೆ ಕರ್ಕೊಂಡೋಗಮ್ಮಿ."

"ಕೆರೆ ಇಲ್ಲ" ಅಂದೆ. "ನಾನೇ ಅಳಿಸ್ಬುಟ್ಟೆ. ನೀನೇ ಅಂದಿದ್ದಲ್ವಾ?"

ಅವಳು ಹಸಿ ಗೋಡೆಯನ್ನು ತಡವಿ ನೋಡಿದಳು. "ಈಗ ಎಲ್ಲಿಗೆ ಓಗ್ಲಿ?" ಎಂದಳು. ಆಮೇಲೆ ಅವಳು ಆಡಿದ್ದೊಂದೂ ಯಾರಿಗೂ ತಿಳಿಯಲಿಲ್ಲ. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಹೋಗಿಬಿಟ್ಟಳು.

ಅವಳ ಜ್ವರಕ್ಕೆ ನಾನು ಹೊಣೆಯಲ್ಲ ಎಂದು ಈಗ ನನಗೆ ಗೊತ್ತು. ಅದಕ್ಕಾಗಿ ನಾನು ಅಳುವುದೂ ಇಲ್ಲ. ಆದರೆ, "ಕೆರೆ ಅಲ್ಲೇ ಅದೆ ಬಾರಕ್ಕ, ಓಗನ" ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆಗ ನಾನು, ಹೇಳಿದ ಮಾತು ಕೇಳಿದೆನಲ್ಲ, ಇನ್ನೇನು ಶಹಬ್ಬಾಸ್ ಅನ್ನುತ್ತಾಳೆ ಎಂದು ಅವಳ ಮುಖವನ್ನೇ ನೋಡುತ್ತ ನಿಂತಿದ್ದೆ.