ವರದರಾಜರ ಸೀಲು, ಜಯದೇವಿಯವರ ಹೆಬ್ಬೆರಳು

ವರದರಾಜರ ಮನೆಯಲ್ಲಿ ಪಂಕಜಮ್ಮನವರ ಒಡವೆಗಳು ಸೀರೆಗಳ ನಡುವೆ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಬೀಗದ ಪೆಟ್ಟಿಗೆಯಲ್ಲಿರುವುದು ಒಂದು ರಬ್ಬರಿನ ಸೀಲು ಮತ್ತು ಸೀಲು ಹಾಕಿದ್ದನ್ನೆಲ್ಲ ದಾಖಲಿಸುವ ಒಂದು ದಪ್ಪ ಪುಸ್ತಕ. ನೋಟರಿಯಾದವನು ತನ್ನ ಸೀಲನ್ನು ಇನ್ನೊಬ್ಬರ ಕೈಗೆ ಸಿಗದಂತೆ ಇಟ್ಟುಕೊಳ್ಳಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಪೆಟ್ಟಿಗೆಯ ಬೀಗದ ಕೈಯನ್ನು ವರದರಾಜರು ಜನಿವಾರಕ್ಕೆ ಕಟ್ಟಿಕೊಂಡಿದ್ದಾರೆ.

"ಕಳ್ಳ ಬಂದರೆ ಏನು ಮಾಡ್ತೀರಿ?" ಎಂದು ಪಂಕಜಮ್ಮ ಆಗಾಗ ಕೇಳುವುದುಂಟು.

"ಪ್ರಾಣ ಹೋದ್ರೂ ಸೀಲು ಕೊಡಲ್ಲ ಕಣೇ."

"ನನ್ನ ಬಳೆ?"

"ಅದಕ್ಕೆ ಇನ್ಶೂರೆನ್ಸ್ ಇದೆಯಲ್ಲ."

ಮೈಸೂರಿನ ವರದರಾಜರು ಇಪ್ಪತ್ತೆಂಟು ವರ್ಷ ಲಾಂಗ್ ಬೀಚ್ ಬಂದರಿನ ದೈತ್ಯ ಕ್ರೇನುಗಳನ್ನು ಸುಸ್ಥಿತಿಯಲ್ಲಿಟ್ಟವರು. ನಿವೃತ್ತರಾದ ಮರುವರ್ಷವೇ ಕೊರೋನಾ ಬಂತು. ಊರಿಗೆ ಊರೇ ಮನೆಯಲ್ಲಿ ಕುಳಿತು ಹೊಸ ಹೊಸ ತಿಂಡಿ ಮಾಡುತ್ತಿದ್ದಾಗ ಇವರು ನೋಟರಿಗಳ ಕೈಪಿಡಿಯನ್ನು ಬಾಯಿಪಾಠ ಮಾಡಿದರು. ಪರೀಕ್ಷೆ ಪಾಸು ಮಾಡಿ ಸೀಲು ಕೈಗೆ ಬಂದ ದಿನ ಆರ್ಟೀಸಿಯಾದ ಭಾರತೀಯ ಅಂಗಡಿಯಿಂದ ಮೈಸೂರು ಪಾಕು ತಂದು ಓಣಿಗೆಲ್ಲ ಹಂಚಿದರು. ಎದುರುಮನೆಯ ಮೆಕ್ಸಿಕನ್ ಅಜ್ಜಿ ಮೊಮ್ಮಗು ಹುಟ್ಟಿತೆಂದು ತಿಳಿದು ಶುಭ ಹಾರೈಸಿದರು.

ಕೆಲಸಕ್ಕೇನೂ ಕೊರತೆಯಾಗಲಿಲ್ಲ. ಅಮೆರಿಕದ ಪೌರರಾದ ಕನ್ನಡಿಗರು ಕಾಗದದ ಮೇಲೆ ತಮ್ಮ ಊರಿಗೇ ಪರದೇಶಿಗಳು. ಅಲ್ಲಿ ಫ್ಲಾಟು ಕೊಳ್ಳಲು ಅಡ್ಡಿಯಿಲ್ಲ. ಆದರೆ ಖುದ್ದಾಗಿ ಹೋಗಲಾಗದಿದ್ದರೆ, 'ನನ್ನ ಪರವಾಗಿ ಇಂಥವರು ಸಹಿ ಹಾಕಬಹುದು' ಎಂಬ ಮುಖ್ತ್ಯಾರನಾಮೆಯನ್ನು ಬರೆಸಿ, ನೋಟರಿಯ ಎದುರಿನಲ್ಲಿ ಸಹಿ ಮಾಡಿ, ಸರ್ಕಾರದ ದೃಢೀಕರಣ ಪಡೆದು ಕಳುಹಿಸಬೇಕು. ಫೋನು ಬರುತ್ತಲೇ ಇರುತ್ತದೆ. "ಅಂಕಲ್, ವಾಟ್ಸ್ಯಾಪಲ್ಲಿ ಫೋಟೋ ಕಳಿಸ್ತೀನಿ, ಒಂದು ಸೀಲ್ ಹಾಕ್ಬಿಡಿ." "ನೀನೇ ಬಾರಪ್ಪ." "ಸೈಟ್ ತಗೊಳ್ಳೋದಾ, ಫ್ಲಾಟಾ, ಅಂಕಲ್?" "ನಾನು ವಕೀಲ ಅಲ್ಲಮ್ಮ, ವಕೀಲರನ್ನ ಕೇಳು." ಈ ಎರಡು ಉತ್ತರಗಳನ್ನು ಅವರು ನಿದ್ದೆಯಲ್ಲಿಯೂ ಹೇಳುತ್ತಾರೆಂದು ಪಂಕಜಮ್ಮನವರ ದೂರು.

೨೦೨೨ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೋದಿಂದ ಜಯದೇವಿಯವರ ಕರೆ ಬಂತು. ಧಾರವಾಡದವರು, ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಧಾರವಾಡದಲ್ಲಿ ತಂಗಿ ಕಲಾವತಿಯ ಮನೆಯ ಎದುರು ಬಾಗಿಲಿನ ಫ್ಲಾಟು ಮಾರಾಟಕ್ಕೆ ಬಂದಿತ್ತು. ಚಳಿಗಾಲಕ್ಕೆ ಹೋಗಿ ತಂಗಿಯ ಜೊತೆ ಜಗಳವಾಡಿಕೊಂಡು ಇರಬೇಕೆಂಬುದು ಅವರ ಬಹುದಿನದ ಆಸೆ. ಆದರೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಹದಿನೈದು ದಿನವಾಗಿತ್ತಷ್ಟೆ, ವಿಮಾನ ಹತ್ತುವಂತಿರಲಿಲ್ಲ. ಮಾರುವವರು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇವೆಂದಿದ್ದರು. ತಂಗಿಯ ಹೆಸರಿಗೆ ವಕೀಲರು ಬರೆದ ಮುಖ್ತ್ಯಾರನಾಮೆ ಸಿದ್ಧವಾಗಿತ್ತು. ಸಹಿ, ಸೀಲು, ದೃಢೀಕರಣ ಮಾತ್ರ ಬಾಕಿ.

ವರದರಾಜರು ಸೀಲು, ಪುಸ್ತಕ, ಪಂಕಜಮ್ಮ ಮೂವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಸೀಟ್ ಬೆಲ್ಟು ಮೊದಲು ಬಿಗಿದದ್ದು ಸೀಲಿನ ಪೆಟ್ಟಿಗೆಗೆ.

ಜಯದೇವಿಯವರ ಮನೆ ತಲುಪಿದಾಗ ಸಂಜೆ ಆರು. ಧಾರವಾಡದಲ್ಲಿ ಆಗ ಬೆಳಗು. ಕಲಾವತಿ ಚಹಾ ಕುಡಿಯುತ್ತ ಫೋನಿನ ಪರದೆಯಲ್ಲಿ ಬಂದು ಕುಳಿತಿದ್ದರು. ಜಯದೇವಿಯವರು ಕನ್ನಡಕ ಏರಿಸಿ ಕಾಗದವನ್ನು ಪೂರ್ತಿ ಓದಿ, ಎರಡು ಅಲ್ಪವಿರಾಮಗಳ ತಪ್ಪು ಹಿಡಿದು, ಮುತ್ತು ಪೋಣಿಸಿದಂತೆ ಕನ್ನಡದಲ್ಲಿ ಸಹಿ ಹಾಕಿದರು. ನೋಟರಿಯ ಪುಸ್ತಕದಲ್ಲಿಯೂ ಹಾಕಿದರು. ಆಗ ವರದರಾಜರು ಮಾತಿಲ್ಲದೆ ಒಂದು ಪುಟ್ಟ ಇಂಕ್ ಪ್ಯಾಡನ್ನು ಅವರ ಕಡೆಗೆ ಸರಿಸಿದರು.

ಜಯದೇವಿಯವರು ಅದನ್ನು ನೋಡಿದರು. ತೋರುಬೆರಳಿನ ತುದಿಯಿಂದ ಹಿಂದಕ್ಕೆ ಸರಿಸಿದರು.

"ಇದ್ಯಾಕ್ರೀ?"

"ಈ ಪುಸ್ತಕದಲ್ಲಿ ಬಲಗೈ ಹೆಬ್ಬೆರಳು, ಮೇಡಂ. ಆಸ್ತಿ ಕಾಗದಕ್ಕೆ ಕಡ್ಡಾಯ."

"ನಾ ಏನ್ ಹೆಬ್ಬೆಟ್ಟಿನಾಕಿ ಏನ್ರೀ? ಸಹಿ ಮಾಡೇನಲ್ಲ!"

ವರದರಾಜರು ಕೈಪಿಡಿ ತೆಗೆದು ಸಂಬಂಧಪಟ್ಟ ಭಾಗವನ್ನು ಗಟ್ಟಿಯಾಗಿ ಓದಿದರು. ಕ್ರೇನುಗಳ ಜೊತೆ ಬಾಳಿದವರಿಗೆ ಮನುಷ್ಯರ ಮುಖದ ಬಣ್ಣ ತಿಳಿಯುವುದು ಸ್ವಲ್ಪ ನಿಧಾನ. ಓದುತ್ತ ಹೋದಂತೆ ಜಯದೇವಿಯವರ ಮುಖ ಇನ್ನಷ್ಟು ಬಿಗಿಯಿತು.

"ಅಕ್ಕಾ, ಹಟಾ ಬಿಡ," ಎಂದರು ಪರದೆಯೊಳಗಿನಿಂದ ಕಲಾವತಿ. "ಆ ಮನಿ ಕೋಚಿಂಗ್ ಕ್ಲಾಸಿನವ್ರು ತಗೋಳಾಕ ಕುಂತಾರ. ದಿನಾ ಅರವತ್ತು ಜೋಡಿ ಚಪ್ಪಲಿ ನನ್ನ ಬಾಗಿಲ ಮುಂದ ಬೀಳ್ತಾವ!"

"ಅವ್ವ ಏನ್ ಮಾಡಿದ್ಳು, ನೆನಪದ ಏನು?" ಎಂದರು ಅಕ್ಕ. ಪರದೆಯೊಳಗೆ ಚಹಾದ ಲೋಟ ಕೆಳಗಿಳಿಯಿತು.

ಅವ್ವ, ಅಂದರೆ ಪ್ರೇಮವ್ವ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹತ್ತು ವರ್ಷದ ಜಯದೇವಿ ತಟ್ಟೆಯಲ್ಲಿ ಜೋಳದ ಹಿಟ್ಟು ಹರವಿ, ರೊಟ್ಟಿ ತಟ್ಟುವ ಮೊದಲು ದಿನಕ್ಕೊಂದು ಅಕ್ಷರ ತೀಡಿಸಿ ಅವ್ವನಿಗೆ ಸಹಿ ಕಲಿಸಿದ್ದರು. ಹೈಸ್ಕೂಲಿಗೆ ಸೇರಿಸುವ ದಿನ ಹೆಡ್ ಮಾಸ್ತರರು ಕೇಳದೆಯೇ ಇಂಕ್ ಪ್ಯಾಡನ್ನು ಪ್ರೇಮವ್ವನ ಮುಂದಿಟ್ಟರು. ಪ್ರೇಮವ್ವ ಒಂದೇ ಬೆರಳಿನಿಂದ ಅದನ್ನು ಹಿಂದಕ್ಕೆ ಸರಿಸಿ, "ಪೆನ್ನು ಕೊಡ್ರಿ ಸರ್," ಎಂದರು. ಅಂದು ಆ ಹುಡುಗಿಗೆ ಆದ ಹೆಮ್ಮೆ ಮುಂದೆ ಪಿಎಚ್.ಡಿ. ಬಂದಾಗಲೂ ಆಗಲಿಲ್ಲವಂತೆ.

ವರದರಾಜರು ಕೈಪಿಡಿ ಮುಚ್ಚಿದರು. ಹೆಬ್ಬೆರಳಿಲ್ಲದೆ ಸೀಲು ಹಾಕುವಂತಿಲ್ಲ. ಹಾಕದಿದ್ದರೆ ಮನೆ ಹೋಗುತ್ತದೆ. ಪಂಕಜಮ್ಮ ಗಂಡನನ್ನು ನೋಡಿದರು. ಆ ನೋಟದ ಅರ್ಥ ಮಾತ್ರ ಅವರಿಗೆ ತಕ್ಷಣ ತಿಳಿಯಿತು.

"ನಾನು ಹೇಳದೆ ಪ್ಯಾಡು ಇಟ್ಟದ್ದು ತಪ್ಪು ಮೇಡಂ," ಎಂದರು ವರದರಾಜರು. "ಮೊದಲು ಕೇಳಬೇಕಿತ್ತು. ಆದರೆ ನಮ್ಮೂರಲ್ಲಿ ಇದು ಬರೆಯೋಕೆ ಬರದವರಿಗೆ. ಇಲ್ಲಿ ಬರೆಯೋಕೆ ಬರೋವ್ರಿಗೇ ಕಾನೂನು ಹೆದರೋದು. ನಿಮ್ಮಷ್ಟು ಚೆನ್ನಾಗಿ ಹಾಕಿದ ಸಹಿನೂ ಯಾರಾದರೂ ನಕಲು ಮಾಡಬಹುದು, ಬೆರಳನ್ನ ಮಾಡೋಕಾಗಲ್ಲ."

ಜಯದೇವಿಯವರು ತಮ್ಮ ಸಹಿಯನ್ನು ಮತ್ತೊಮ್ಮೆ ನೋಡಿದರು.

"ಈ ಸೀಲು ಕೊಡೋ ಮುಂಚೆ ನನ್ನ ಹತ್ರ ಏನು ತಗೊಂಡ್ರು ಗೊತ್ತಾ?" ವರದರಾಜರು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿದರು. "ಹತ್ತೂ ಬೆರಳು."

"ಹತ್ತೂ?"

"ಕಳ್ಳರ ಹತ್ರ ತಗೊಳ್ಳೋ ಹಾಗೆ," ಎಂದರು ಪಂಕಜಮ್ಮ. "ಮನೆಗೆ ಬಂದು ಮೂರು ಸಲ ಕೈ ತೊಳೆದ್ರು. ಅಲ್ಲಿ ಶಾಯಿನೇ ಇರ್ಲಿಲ್ಲ, ಬರೀ ಸ್ಕ್ಯಾನರ್ ಗಾಜು!"

ಮೊದಲು ನಕ್ಕದ್ದು ಧಾರವಾಡ. ಆಮೇಲೆ ಜಯದೇವಿಯವರೂ ತಡೆಯಲಾರದೆ ನಕ್ಕರು. "ಹತ್ತು ಬೆರಳಿನವರ ಮುಂದ ಒಂದ್ ಬೆರಳಿನಾಕಿ ಏನ್ ಮಾತಾಡೂದು? ಕೊಡ್ರಿ ಇತ್ತ."

ಒಮ್ಮೆ ಒತ್ತಿದರೆ ಗುರುತೇ ಮೂಡಲಿಲ್ಲ. ಮೂವತ್ತೊಂದು ವರ್ಷದ ಸೀಮೆಸುಣ್ಣ ಗೆರೆಗಳನ್ನೆಲ್ಲ ತೇಯ್ದಿತ್ತು. ಎರಡನೆಯ ಸಲ ಬಂತು.

"ಪೆನ್ನು ಕೊಡ್ರಿ," ಎಂದರು ಜಯದೇವಿಯವರು. ಗುರುತಿನ ಪಕ್ಕದಲ್ಲಿ ಏನನ್ನೋ ಬರೆದು ಪುಸ್ತಕವನ್ನು ತಿರುಗಿಸಿಕೊಟ್ಟರು. ವರದರಾಜರು ಓದಿ, ಬೆವರೊರೆಸಿಕೊಂಡು, ಅಂಥದ್ದನ್ನು ಬರೆಯಬಾರದೆಂದು ಎಲ್ಲಾದರೂ ಇದೆಯೇ ಎಂದು ಕೈಪಿಡಿಯನ್ನು ಎರಡು ಬಾರಿ ಹುಡುಕಿದರು. ಎಲ್ಲಿಯೂ ಇರಲಿಲ್ಲ. ಆಮೇಲೆ ಮುಖ್ತ್ಯಾರನಾಮೆಯ ಮೇಲೆ ಸೀಲನ್ನು ಒತ್ತಿದರು.

ದೃಢೀಕರಣವಾದ ಕಾಗದ ಧಾರವಾಡ ತಲುಪಿ, ತಿಂಗಳು ಮುಗಿಯಲು ಮೂರು ದಿನವಿರುವಾಗ ಅಕ್ಕನ ಪರವಾಗಿ ಕಲಾವತಿ ಸಹಿ ಹಾಕಿ ಮನೆಯನ್ನು ನೋಂದಾಯಿಸಿದರು. ಈಗ ಪ್ರತಿ ಚಳಿಗಾಲ ಎದುರುಬದುರು ಬಾಗಿಲುಗಳ ನಡುವೆ ಎರಡೇ ಜೋಡಿ ಚಪ್ಪಲಿಗಳಿರುತ್ತವೆ. ಯಾರದು ದಾರಿಗೆ ಅಡ್ಡ ಎಂಬ ಜಗಳ ಮಾತ್ರ ಬಗೆಹರಿದಿಲ್ಲ.

ವರದರಾಜರ ಪುಸ್ತಕದಲ್ಲಿ ಆ ಮಸುಕು ಹೆಬ್ಬೆರಳಿನ ಪಕ್ಕದಲ್ಲಿ, ದುಂಡನೆಯ ಅಕ್ಷರಗಳಲ್ಲಿ, ಇಂದಿಗೂ ಹೀಗಿದೆ: 'ಸಹಿ ಬರುತ್ತದೆ. ಕೇಳಿದ್ದಕ್ಕೆ ಕೊಟ್ಟಿದ್ದೇನೆ. ಪ್ರೇಮವ್ವನ ಮಗಳು.'