ತಳದ ಎಣ್ಣೆಗೆ ಕಿವಿಗೊಡುವ ಅಕ್ಕ

ಬೆಳಗಿನ ಐದೂವರೆ. ಮಾರುಕಟ್ಟೆಯ ಹಿಂದಿನ ಗೋದಾಮಿನಲ್ಲಿ ಫ್ಯಾನ್ ನಿಲ್ಲುತ್ತದೆ, ಡಬ್ಬ ಎಳೆಯುವ ಹೆಂಗಸರ ಕೈ ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಒಲೆಯ ಮೇಲೆ ಕಬ್ಬಿಣದ ಬಾಣಲೆ ಕಾದಿದೆ. ಐವತ್ತೆರಡರ ಹೆಂಗಸೊಬ್ಬರು ಉದ್ದನೆಯ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ, ಅದನ್ನು ಡಬ್ಬದ ತಳಕ್ಕೆ ಇಳಿಸುತ್ತಾರೆ. ಬೆರಳು ಸಡಿಲಿಸಿ, ಮತ್ತೆ ಒತ್ತಿ, ಮೇಲೆತ್ತಿ ಒಂದು ಚಮಚದಷ್ಟು ಕರಿದ ಎಣ್ಣೆಯನ್ನು ಬಾಣಲೆಗೆ ಬಿಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಕಿವಿಗೊಡುತ್ತಾರೆ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಅವಕಾಶ ಕಳೆದುಕೊಂಡವರನ್ನು ನಾವು ಆಡಿಕೊಳ್ಳುತ್ತೇವೆ. ಈ ಅಕ್ಕ ಮಾತ್ರ ಕಣ್ಣು ಮುಚ್ಚಿಯೇ ಅನ್ನ ಸಂಪಾದಿಸುತ್ತಾರೆ. ಸದ್ದು ಬಾರದಿದ್ದರೆ ಡಬ್ಬ ಒಳಕ್ಕೆ. ಚಟಪಟ ಎಂದರೆ ತಳದಲ್ಲಿ ನೀರು ಕೂತಿದೆ, ಡಬ್ಬ ವಾಪಸ್. ಗೋದಾಮಿನಲ್ಲಿ ಅವರನ್ನು ಎಲ್ಲರೂ ಕರೆಯುವುದೇ ‘ಚಟಪಟ ಅಕ್ಕ’ ಎಂದು.

ಹೋಟೆಲು, ಹಾಸ್ಟೆಲು, ಕ್ಯಾಂಟೀನುಗಳಲ್ಲಿ ಕರಿದು ಉಳಿದ ಎಣ್ಣೆ ದಿನಕ್ಕೆ ಅರವತ್ತು ಡಬ್ಬದಷ್ಟು ಇಲ್ಲಿಗೆ ಬರುತ್ತದೆ. ಸೋಸಿ, ದೊಡ್ಡ ಟ್ಯಾಂಕಿಗೆ ತುಂಬಿ, ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಅದು ವಿಮಾನದ ಇಂಧನವಾಗುತ್ತದೆ. ನಾವು ತಿಂದ ವಡೆಯ ಎಣ್ಣೆ ಆಕಾಶದಲ್ಲಿ ಹಾರುತ್ತದೆಂದರೆ ಮೊದಮೊದಲು ಅಕ್ಕನೂ ನಂಬಿರಲಿಲ್ಲವಂತೆ. “ಬಿಡ್ರಪ್ಪ, ನನ್ನ ಕಿವಿಗೇ ಹೂವು ಇಡ್ತೀರಾ ಅಂದಿದ್ದೆ” ಎಂದು ನಗುತ್ತಾರೆ.

ಈ ಕಿವಿ ಪಳಗಿದ್ದು ಅಣ್ಣನ ಕ್ಯಾಂಟೀನಿನಲ್ಲಿ. ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಅಲ್ಲೇ ಒಲೆಯ ಮುಂದೆ ನಿಂತವರು. ಮೊಣಕೈವರೆಗೆ ಸುಟ್ಟ ಕಲೆಗಳಿವೆ. “ನೀರು ಬಿದ್ರೆ ಎಣ್ಣೆ ಸುಮ್ನಿರಲ್ಲ, ಬೈಯುತ್ತೆ. ಬೈಸ್ಕೊಂಡೇ ಕಲ್ತಿದ್ದು” ಎನ್ನುತ್ತಾರೆ.

ಆದರೆ ಒಮ್ಮೆ ಅವರು ಕೇಳಿಸಿಕೊಳ್ಳಲಿಲ್ಲ. ಏಳು ತಿಂಗಳ ಹಿಂದೆ ಅಣ್ಣನ ಕ್ಯಾಂಟೀನಿನಿಂದ ಒಂದೇ ದಿನ ಎಂಟು ಡಬ್ಬ ಬಂದವು. ಅಣ್ಣನದ್ದಲ್ಲವೇ ಎಂದು ಬಾಣಲೆ ಕಾಯಿಸದೆ ಟ್ಯಾಂಕಿಗೆ ಸುರಿದರು. ಪಾತ್ರೆ ತೊಳೆಯುವವರು ಸೋಪಿನ ನೀರನ್ನೂ ಅವೇ ಡಬ್ಬಗಳಿಗೆ ಹುಯ್ದಿದ್ದರು. ಟ್ಯಾಂಕರಿಗೆ ಟ್ಯಾಂಕರೇ ವಾಪಸ್ ಬಂತು. ಇನ್ನೊಮ್ಮೆ ಹೀಗಾದರೆ ನಿಮ್ಮಿಂದ ಕೊಳ್ಳುವುದಿಲ್ಲ ಎಂದು ಕಾರ್ಖಾನೆಯವರು ಕಾಗದ ಬರೆದರು. ಕೊಳ್ಳದಿದ್ದರೆ ಗೋದಾಮಿಗೆ ಬೀಗ, ಇಲ್ಲಿನ ಆರು ಹೆಂಗಸರು ಬೀದಿಗೆ.

ಮರುದಿನ ಅಣ್ಣ ತಾವೇ ಡಬ್ಬ ಹೊತ್ತು ತಂದಾಗ ಅಕ್ಕ ಕೊಳವೆ ಇಳಿಸಿದರು. ಅಣ್ಣ ಸಿಡಿದುಬಿದ್ದರು. “ಒಡಹುಟ್ಟಿದೋನ ಮೇಲೂ ನಂಬಿಕೆ ಇಲ್ವಾ?” ಎಂದು ಕೇಳಿ, ಡಬ್ಬ ಎತ್ತಿಕೊಂಡು ಹೋದವರು ಮತ್ತೆ ಇತ್ತ ಸುಳಿಯಲಿಲ್ಲ. ಅದನ್ನು ಹೇಳುವಾಗ ಅಕ್ಕನ ಕೈಯಲ್ಲಿನ ಕೊಳವೆ ಸುಮ್ಮನೆ ತಿರುಗುತ್ತಿರುತ್ತದೆ. “ಸಾಕಿದ ಅಣ್ಣ. ನೋವಾಗಲ್ವಾ? ಆದ್ರೆ ಮೇಲಿನ ಎಣ್ಣೆ ಎಲ್ಲರದ್ದೂ ಚೆಂದವೇ. ತಳ ನೋಡ್ಬೇಕು.”

ಇಂದು ಹೊತ್ತೇರಿದ ಮೇಲೆ ಗೋದಾಮಿಗೆ ಶಾಲಾ ಮಕ್ಕಳು ಬಂದಿದ್ದಾರೆ, ಇಪ್ಪತ್ಮೂರು ಮಂದಿ. ಮುಂದೆ ಯಾವ ಕೆಲಸ ಹಿಡಿಯಬಹುದು ಎಂದು ನೋಡಿ ತಿಳಿಯಲು ಶಾಲೆಯವರೇ ಕರೆತಂದದ್ದು. ಕೈಯಲ್ಲೊಂದು ಮುದ್ರಿತ ಹಾಳೆ. ಅದರಲ್ಲಿ ರಸಾಯನ ತಜ್ಞರು, ಇಂಜಿನಿಯರ್, ಪೈಲಟ್, ಟ್ಯಾಂಕರ್ ಚಾಲಕ ಎಲ್ಲರೂ ಇದ್ದಾರೆ. ಮ್ಯಾನೇಜರು ಚಿತ್ರಪಟ ತೋರಿಸಿ ವಿವರಿಸುತ್ತಿದ್ದರೆ, ಎರಡು ಜಡೆಯ ಹುಡುಗಿಯೊಬ್ಬಳು ಬಾಣಲೆಯ ಬಳಿ ಬಂದು ನಿಲ್ಲುತ್ತಾಳೆ.

“ಆಂಟಿ, ನಿಮ್ಮ ಕೆಲಸ ಇದ್ರಲ್ಲಿ ಇಲ್ವಲ್ಲ?”

“ಇರ್ಲಿ ಬಿಡಮ್ಮ. ಹಾಳೆಯಲ್ಲಿ ಜಾಗ ಸಾಲದೇನೋ.”

ಅಷ್ಟರಲ್ಲಿ ಬಾಗಿಲಲ್ಲಿ ನೆರಳೊಂದು ಕಾಣಿಸುತ್ತದೆ. ಅಣ್ಣ. ಕೂದಲು ಪೂರ್ತಿ ಬೆಳ್ಳಗಾಗಿದೆ. ಹೊತ್ತು ತಂದ ಡಬ್ಬವನ್ನು ಒಲೆಯ ಪಕ್ಕ ಇಳಿಸಿ, ತಾವೇ ಮುಚ್ಚಳ ತೆಗೆದು, ಗೋಡೆಗೆ ಒರಗಿಸಿದ್ದ ಕೊಳವೆಯನ್ನು ತಂಗಿಯ ಕೈಗೆ ಕೊಡುತ್ತಾರೆ.

“ತಳದಿಂದ್ಲೇ ತೆಗಿ ತಂಗಿ. ಮೇಲಿಂದ ಬೇಡ.”

ಫ್ಯಾನ್ ನಿಲ್ಲುತ್ತದೆ. ಮಕ್ಕಳೂ ಉಸಿರು ಬಿಗಿಹಿಡಿಯುತ್ತಾರೆ. ಎಣ್ಣೆ ಬಾಣಲೆಗೆ ಬೀಳುತ್ತದೆ. ಅಕ್ಕ ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿರುತ್ತಾರೆ.

“ಏನಂತೆ?” ಅಣ್ಣನ ದನಿ ಸಣ್ಣಗಾಗಿದೆ.

“ಏನೂ ಅಂತಿಲ್ಲಣ್ಣ” ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೊಗೆಗೆ ಇರಬೇಕು ಎಂದು ಯಾರೂ ಅಂದುಕೊಳ್ಳುವುದಿಲ್ಲ.

ಹುಡುಗಿ ಹಾಳೆಯ ಕೊನೆಯಲ್ಲಿ ಪೆನ್ನಿನಿಂದ ಗೆರೆಯೊಂದನ್ನು ಎಳೆದಿದ್ದಾಳೆ. ಕೆಲಸದ ಹೆಸರು ಏನಂತ ಬರೆಯಲಿ ಎಂದು ಕೇಳುತ್ತಾಳೆ.

ಅಕ್ಕ ಅಣ್ಣನ ಡಬ್ಬವನ್ನು ಒಳಗಿನ ಸಾಲಿಗೆ ಸರಿಸುತ್ತಾ ಹೇಳುತ್ತಾರೆ, “ತಳ ನೋಡೋ ಕೆಲಸ ಅಂತ ಬರ್ಕೊಳಮ್ಮ. ಪಕ್ಕದಲ್ಲೇ ಇನ್ನೊಂದು ಮಾತು ಸೇರಿಸು. ಸ್ವಂತ ಅಣ್ಣನದ್ದಾದ್ರೂ ನೋಡ್ಬೇಕು.”