ಫ್ಲೆಮಿಂಗ್ ಅಂದರೆ ಯಾವ ಜನ?

ತಾನು ಮದುವೆಯಾಗಬೇಕೆಂದಿರುವ ಹುಡುಗನ ಸರ್‌ನೇಮ್ ಫ್ಲೆಮಿಂಗ್ ಎಂದು ಮಗಳು ಬಾಯಿಬಿಟ್ಟ ದಿನ ಗುರುವಾರ. ರಾಯರಿಗೆ ಹೂವೇರಿಸಿ ನಾನು ಒಪ್ಪೊತ್ತಿನಲ್ಲಿದ್ದೆ. ನಮ್ಮವರು ಮ್ಯಾಕ್ವೆರಿ ಪಾರ್ಕಿನ ಆಫೀಸಿನಿಂದ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದರು. ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಫ್ಲೆಮಿಂಗ್ ಅಂದ್ರೆ ಯಾವ ಜನ?"

"ಡ್ಯಾಡ್, ಹಿ ಈಸ್ ಆಸ್ಟ್ರೇಲಿಯನ್."

"ಅದು ಗೊತ್ತಮ್ಮ. ಅದ್ರಲ್ಲಿ ಯಾವ ಜನ?"

ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ. ಪಿಆರ್ ಆಯಿತು, ಸಿಟಿಜನ್‌ಶಿಪ್ ಆಯಿತು, ಗಿರಾವೀನಿನಲ್ಲಿ ಸ್ವಂತ ಮನೆಯಾಯಿತು. ಪಕ್ಕದ ಮನೆಯವರ ಬಾರ್ಬೆಕ್ಯೂ ಹತ್ತಿರ ನಿಂತು ನಮ್ಮವರು ಜಾತಿಪದ್ಧತಿಯ ವಿರುದ್ಧ ಸೊಗಸಾದ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಕೇಳಿ ನಾನು ಹೆಮ್ಮೆಪಟ್ಟಿದ್ದೂ ಉಂಟು. ಆದರೆ ಈ ಪ್ರಶ್ನೆ ಮಾತ್ರ ಸಿಡ್ನಿ ಏರ್‌ಪೋರ್ಟಿನಲ್ಲಿ ಯಾರ ಕಣ್ಣಿಗೂ ಬೀಳದೆ ನಮ್ಮ ಜೊತೆಗೇ ಬಂದಿಳಿದಿತ್ತು. ಅಲ್ಲಿನ ಕಸ್ಟಮ್ಸಿನವರು ಹಿಡಿದು ಕಸದ ಡಬ್ಬಿಗೆ ಹಾಕಿದ್ದು ನನ್ನ ಮಿಡಿ ಉಪ್ಪಿನಕಾಯಿಯನ್ನು ಮಾತ್ರ.

ನಮ್ಮವರು ಲ್ಯಾಪ್‌ಟಾಪ್ ತೆಗೆದು ಹುಡುಕಲು ಕೂತರು. ಕೂತ ಐದು ನಿಮಿಷಕ್ಕೆ ಫ್ಲೆಮಿಂಗ್ ವಂಶದ ಲಾಂಛನವೆಂದು ಒಂದು ಗುರಾಣಿಯ ಚಿತ್ರ ಸಿಕ್ಕಿತು. ತಕ್ಷಣ ಮೆಲ್ಬೋರ್ನಿನಲ್ಲಿರುವ ತಮ್ಮ ಅಕ್ಕನಿಗೆ ಫೋನ್ ಮಾಡಿದರು.

"ಅಕ್ಕಾ, ಗುರಾಣಿ ಇದೆ ಕಣೇ. ಅದರ ಮೇಲೊಂದು ಸಿಂಹ."

"ಸಿಂಹಾನಾ? ಹಾಗಿದ್ರೆ ಕ್ಷತ್ರಿಯರು ಕಣೋ. ಪರವಾಗಿಲ್ಲ ಬಿಡು. ಮಾಂಸ ತಿನ್ನೋದಕ್ಕೆ ಒಂದು ಕಾರಣ ಆದ್ರೂ ಆಯ್ತು."

ಅದೇ ಸಿಂಹವನ್ನು ಕಾಫಿ ಮಗ್ಗಿನ ಮೇಲೂ ಕಾಲೊರೆಸುವ ಮ್ಯಾಟಿನ ಮೇಲೂ ಅಚ್ಚು ಹಾಕಿ ಮಾರುತ್ತಿದ್ದುದು ನನಗೆ ಕಾಣಿಸಿತು. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಸಂತೋಷಪಡುವುದೇ ಅಪರೂಪ, ಸಿಕ್ಕಷ್ಟು ದೇವರ ದಯೆ.

ಸಂತೋಷ ಆ ಪುಟದ ಕೆಳಭಾಗದವರೆಗೂ ಉಳಿಯಲಿಲ್ಲ. ಫ್ಲೆಮಿಂಗ್ ಎಂದರೆ ಫ್ಲಾಂಡರ್ಸಿನಿಂದ ಬಂದವನು ಎಂದಷ್ಟೇ ಅರ್ಥವಂತೆ. ಫ್ಲಾಂಡರ್ಸ್ ಈಗಿನ ಬೆಲ್ಜಿಯಂ ಕಡೆಯ, ಸಮುದ್ರದ ಅಂಚಿನ ಸೀಮೆ. ಆ ಹೆಸರಿಗೆ ನೀರು ನಿಲ್ಲುವ ನೆಲ ಎಂದೂ ಕೆಲವರು ಅರ್ಥ ಹೇಳುತ್ತಾರಂತೆ. ಅಲ್ಲಿಂದ ನೂರಾರು ವರ್ಷಗಳ ಹಿಂದೆ ಇಂಗ್ಲೆಂಡು, ಸ್ಕಾಟ್ಲೆಂಡುಗಳಿಗೆ ಹೋದವರಲ್ಲಿ ಸೈನಿಕರಿದ್ದರು, ವ್ಯಾಪಾರಿಗಳಿದ್ದರು. ಎಲ್ಲರಿಗಿಂತ ಹೆಸರಾದವರು ಉಣ್ಣೆ ಬಟ್ಟೆ ನೇಯುವವರು.

"ಅಯ್ಯೋ, ನೇಕಾರರಾ?" ಎಂದು ಸ್ಪೀಕರಿನಲ್ಲಿ ಅಕ್ಕನ ಧ್ವನಿ ಕುಸಿಯಿತು.

ಅಕ್ಕನ ಬೀರುವಿನಲ್ಲಿ ರೇಷ್ಮೆ ಸೀರೆ ಇಡಲು ಜಾಗವಿಲ್ಲ. ಅವುಗಳನ್ನು ಯಾರು ನೇಯ್ದರೆಂದು ಅವರು ತಿಳಿದಿದ್ದಾರೋ ನಾನರಿಯೆ. ಬಹುಶಃ ಅಂಗಡಿಯವನೇ ಹೆತ್ತನೆಂದುಕೊಂಡಿರಬೇಕು.

ನಮ್ಮವರು ಲ್ಯಾಪ್‌ಟಾಪ್ ಮುಚ್ಚಿ ತೀರ್ಪು ಕೊಟ್ಟರು. "ಯಾವುದಾದ್ರೂ ಪಾರ್ಕಲ್ಲಿ ಸೈನ್ ಹಾಕಿ ಮದುವೆ ಆಗ್ಲಿ. ನಾನು ಬೇಡ ಅನ್ನಲ್ಲ. ಆದ್ರೆ ಧಾರೆ ಎರೆಯಲ್ಲ. ಗೋತ್ರವಿಲ್ಲದವನಿಗೆ ಏನಂತ ಎರೀಲಿ?"

"ಫೈನ್, ಪಾರ್ಕ್ ಇಟ್ ಈಸ್," ಎಂದು ಮಗಳು ಎದ್ದು ಹೋದಳು.

ಇರುವುದೊಂದೇ ಮಗಳು. ಅಪ್ಪ ಅಮ್ಮ ಸೇರಿ ಅವಳ ಕೈಯನ್ನು ಅವನ ಕೈಮೇಲಿಟ್ಟು ನೀರೆರೆಯುವ ಆ ಒಂದು ಕ್ಷಣಕ್ಕಾಗಿ ಅವಳು ಹುಟ್ಟಿದಾಗಿನಿಂದ ಬೇಡಿಕೊಂಡಿದ್ದೇನೆ. ಸೀರೆ ಬೇಡ, ಒಡವೆ ಬೇಡ, ಇನ್ನೂರು ಜನರ ಊಟ ಬೇಡ. ಅದೊಂದು ತಂಬಿಗೆ ನೀರು ಸಾಕು.

ಮರುದಿನ ಪುರೋಹಿತರಿಗೆ ಫೋನ್ ಮಾಡಿದೆ. ಅವರು ಪೆಂಡಲ್ ಹಿಲ್‌ನ ಅಂಗಡಿಯೊಂದರಲ್ಲಿ ತೆಂಗಿನಕಾಯಿ ಆರಿಸುತ್ತಿದ್ದರು. "ಅಮ್ಮಾ, ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ಶಾಸ್ತ್ರಕ್ಕಿಲ್ಲದ ತಕರಾರು ಯಜಮಾನರಿಗ್ಯಾಕೆ?" ಎಂದರು. ಇದನ್ನು ಹೇಳಿದರೆ ನಮ್ಮವರು, "ಆ ಪುರೋಹಿತ ದುಡ್ಡಿಗೆ ಏನು ಬೇಕಾದ್ರೂ ಹೇಳ್ತಾನೆ," ಎಂದರು. ತಮ್ಮ ಮಾತಿಗೆ ಒಪ್ಪಿದಾಗ ಅದೇ ಪುರೋಹಿತರು ಮಹಾ ವಿದ್ವಾಂಸರು.

ಮುಂದಿನ ತಿಂಗಳು ಹುಡುಗನ ತಂದೆಯನ್ನು ನೋಡಲು ಮೆಲ್ಬೋರ್ನಿಗೆ ಹೋದೆವು. ಅಕ್ಕನ ಮನೆಯಲ್ಲಿ ಊಟ. ಅಲ್ಲಿಗೆ ಹೋದಾಗ ಅಡುಗೆ ನನ್ನದು, ಉಪ್ಪು ಕಡಿಮೆ ಎನ್ನುವುದು ಅಕ್ಕನದು. ಬಂದವರು ರಿಟೈರಾದ ಪ್ಲಂಬರ್, ಹೆಂಡತಿಯನ್ನು ಕಳೆದುಕೊಂಡವರು, ಕೆಂಪು ಮುಖದ ದೊಡ್ಡ ಆಳು. ಯಾರೂ ಹೇಳದೆಯೇ ಬೂಟು ಹೊರಗೆ ಬಿಟ್ಟರು. ಅದನ್ನೊಂದು ಕೃಪೆಯೆಂದು ಲೆಕ್ಕಕ್ಕೆ ಹಿಡಿದೆ. ಸಾರನ್ನ ಎರಡನೇ ಸಲ ಬಡಿಸಿಕೊಂಡರು. ಅದು ಎರಡನೆಯ ಕೃಪೆ.

ಅಕ್ಕ ಕಾಯುತ್ತಲೇ ಇದ್ದರು. "ನಿಮ್ಮ ಪೂರ್ವಿಕರು ನೇಯ್ಗೆ ಮಾಡ್ತಿದ್ರಂತೆ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಚುಚ್ಚಿದರು.

ಆ ಮನುಷ್ಯನಿಗೆ ಅದು ಚುಚ್ಚಲೇ ಇಲ್ಲ. ನೇಯ್ದರೋ, ಕುರಿ ಕಾದರೋ ತನಗೆ ತಿಳಿಯದು, ತಿಳಿದಿರುವ ಒಂಬತ್ತು ತಲೆಮಾರಿನಲ್ಲಿ ಒಬ್ಬನೂ ಹೇಳಿಕೊಳ್ಳುವಂಥವನಿಲ್ಲ ಎಂದು ನಕ್ಕರು. ಆಮೇಲೆ ಒಂದು ಮಾತು ಹೇಳಿದರು: ಫ್ಲಾಂಡರ್ಸಿನಲ್ಲಿ ಯಾರೂ ನೆರೆಯವನನ್ನು ಫ್ಲೆಮಿಂಗ್ ಎಂದು ಕರೆಯುತ್ತಿರಲಿಲ್ಲ. ಊರು ಬಿಟ್ಟು ಪರದೇಶಕ್ಕೆ ಹೋದ ಮೇಲೆ ಅಲ್ಲಿಯವರು ಹಾಗೆ ಕರೆದರು. ಬೇರೆ ಕಡೆಯಿಂದ ಬಂದವನು ಎನ್ನುವುದೇ ಆ ಹೆಸರು.

"ನಿಮ್ಮ ಸರ್‌ನೇಮಿಗೆ ಏನರ್ಥ?" ಎಂದು ನಮ್ಮವರನ್ನು ಕೇಳಿದರು.

ನಮ್ಮವರು ಮಜ್ಜಿಗೆಯ ಲೋಟ ಕೆಳಗಿಟ್ಟರು. ನಮ್ಮ ಸರ್‌ನೇಮ್ ಒಂದು ಹಳ್ಳಿಯ ಹೆಸರು. ಇನಿಶಿಯಲ್ಲಿನಲ್ಲಿ ಒಂದಕ್ಷರವಾಗಿ ತಣ್ಣಗೆ ಮಲಗಿತ್ತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಡಬಾರದೆಂದು ಎಳೆದು ಹಿಗ್ಗಿಸಿದರು. ಆ ಹಳ್ಳಿಯಲ್ಲಿ ನಮ್ಮವರು ಒಂದು ರಾತ್ರಿಯೂ ತಂಗಿದವರಲ್ಲ.

"ಅದೊಂದು ಊರಿನ ಹೆಸರು," ಎಂದರು ಸಣ್ಣ ದನಿಯಲ್ಲಿ. "ನಮ್ಮ ಹಿರಿಯರು ಅಲ್ಲಿಂದ ಬಂದವರು."

"ಓಹ್, ನಮ್ಮ ಹಾಗೇ!" ಎಂದು ಪ್ಲಂಬರ್ ಖುಷಿಯಿಂದ ಮೇಜು ತಟ್ಟಿದರು. ಅಕ್ಕನಿಗೆ ನೆತ್ತಿಗೇರಿ ಕೆಮ್ಮು ಬಂತು.

ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ. ಕೈತೊಳೆದು ಬಂದವರೇ ಒಂದು ದೊಡ್ಡ ಹಾಳೆ ಬಿಚ್ಚಿದರು. ಒಂದು ಕಡೆ ಒಂಬತ್ತು ತಲೆಮಾರಿನ ಫ್ಲೆಮಿಂಗುಗಳು, ಇನ್ನೊಂದು ಕಡೆ ನಮ್ಮ ಮಗಳ ಹೆಸರು, ಅದರ ಮೇಲೆ ಖಾಲಿ ಗೆರೆಗಳು. ಪೆನ್ನನ್ನು ನಮ್ಮವರ ಕೈಗೆ ಕೊಟ್ಟರು. ನಮ್ಮವರು ತಮ್ಮ ಹೆಸರು ಬರೆದರು, ತಂದೆಯದು ಬರೆದರು, ಅಜ್ಜನದೂ ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಅಕ್ಕನ ಮುಖ ನೋಡಿದರು. ಅಕ್ಕ ಕಿಟಕಿ ನೋಡಿದರು.

ನಾನು ಅಡುಗೆಮನೆಯಲ್ಲಿ, ಬಂದವರಿಗೆ ಕಟ್ಟಿಕೊಡಲು ಒಬ್ಬಟ್ಟು ಬೇಯಿಸುತ್ತಿದ್ದೆ. ನಮ್ಮವರು ನೀರು ಬೇಕೆಂಬ ನೆಪದಲ್ಲಿ ಒಳಗೆ ಬಂದರು.

"ಏನೇ, ನಮ್ಮ ಮುತ್ತಜ್ಜನ ಹೆಸರೇನು?"

ನನಗೆ ಗೊತ್ತಿತ್ತು. ಮೈಸೂರಿನ ಮನೆಯಲ್ಲಿ ಮಾವನವರು ಪ್ರತಿವರ್ಷ ಶ್ರಾದ್ಧ ಮಾಡುವಾಗ ನಾನು ಮಡಿಯುಟ್ಟು ವಡೆ ಕರಿಯುತ್ತಿದ್ದೆ. ಅವರ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರನ್ನೂ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಈಗ ನಮ್ಮವರು ಶ್ರಾದ್ಧವನ್ನು ಆನ್‌ಲೈನಿನಲ್ಲಿ ಬುಕ್ ಮಾಡುತ್ತಾರೆ. ಫಾರ್ಮಿನಲ್ಲಿ ಹೆಸರು ತುಂಬುವವಳು ಇನ್ನೊಂದು ಮನೆಯಿಂದ ಬಂದ ನಾನು.

"ಹೇಳ್ತೀನಿ. ಧಾರೆಗೆ ಕೂತ್ಕೋತೀರಾ?"

"ಇದೇನೇ ಇದು, ಪಿತೃಗಳ ಹೆಸರಲ್ಲಿ ವ್ಯಾಪಾರ?"

"ಹೂಂ ರೀ. ಬೇಕಂದ್ರೆ ಮುತ್ತಜ್ಜನ ಅಪ್ಪನ ಹೆಸರೂ ಇದೆ ನನ್ನ ಹತ್ರ. ಹೊರಗೆ ಅವರು ಕಾಯ್ತಿದಾರೆ."

ಕಾವಲಿಯ ಮೇಲೆ ಒಬ್ಬಟ್ಟು ಹೊತ್ತಿತು. ತಿರುವಿ ಹಾಕಲಿಲ್ಲ. ದೇವರು ಕ್ಷಮಿಸಲಿ, ಆ ಕ್ಷಣ ನನಗೆ ಬಹಳ ಹಿತವಾಗಿತ್ತು. ನಮ್ಮವರು ಬೇಡದ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡರು. ಬಾಗಿಲ ಕಡೆ ನೋಡಿದರು, ಹಾಳೆಯ ಮೇಲೆ ಬಗ್ಗಿ ಕೂತಿದ್ದ ಆ ದೊಡ್ಡ ಆಳನ್ನು ನೋಡಿದರು.

"ಅವರಿಗೆ ಪಂಚೆ ಉಡೋಕೆ ಬರತ್ತೇನೇ?"

"ಬರಲ್ಲ ರೀ," ಎಂದೆ. "ಧಾರೆ ದಿನ ನೀವೇ ಉಡಿಸಿ." ಆಮೇಲೆ ಎರಡು ಹೆಸರನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ.